ನಮ್ಮ ಮನೆಯ ಮೇಲಿನ ಚುಕ್ಕೆ

ಅವಳ ಗಂಡನ ಶವಸಂಸ್ಕಾರ ಮುಗಿದು, ನೆಂಟರ ಕೊನೆಯ ಚೀಲವೂ ಗಾಡಿ ಹತ್ತಿ ಹೋದ ಮೇಲೆ ಬಂದ ಮೊದಲ ಮಾಮೂಲು ಬೆಳಿಗ್ಗೆ, ಬೀದಿಯ ನಕ್ಷೆಯೂ ಸತ್ತುಹೋಯಿತು.

ನಕ್ಷೆ ಎಂದರೆ ಗೋಡೆಗೆ ಅಂಟಿಸಿದ್ದಲ್ಲ. ಬೀದಿಯವರೆಲ್ಲರ ಫೋನಿನಲ್ಲಿದ್ದ ಆ್ಯಪಿನದು. ನಿವಾಸಿಗಳ ಸಂಘದ ಕಾರ್ಯದರ್ಶಿಯ ಕಾಟ ತಾಳಲಾರದೆ ಅವಳ ಗಂಡ ರಜಾದಿನಗಳಲ್ಲಿ ಕೂತು ಪುಕ್ಕಟೆ ಮಾಡಿಕೊಟ್ಟಿದ್ದ. ಅದರಲ್ಲಿ ಬೀದಿ, ಮನೆಗಳು, ತಿರುವಿನ ಮರ ಎಲ್ಲ ಕಾಣುತ್ತಿದ್ದವು. ಕಸದ ಲಾರಿ ಎಲ್ಲಿಗೆ ಬಂತು ಎಂದು ಪುಟ್ಟ ಹಳದಿ ಲಾರಿಯೊಂದು ಹೇಳುತ್ತಿತ್ತು. ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಆದರೆ ಭದ್ರತೆಗಿರಲಿ ಎಂದು ಕಾರ್ಯದರ್ಶಿ ಹಟ ಹಿಡಿದದ್ದರಿಂದ ಬೀದಿಯ ಪ್ರತಿಯೊಬ್ಬರೂ ಅದರಲ್ಲಿ ಒಂದೊಂದು ನೀಲಿ ಚುಕ್ಕೆಯಾಗಿ ಓಡಾಡತೊಡಗಿದರು. ಚುಕ್ಕೆ ಮುಟ್ಟಿದರೆ ಹೆಸರು ಬರುತ್ತಿತ್ತು. ಯಾರು ಯಾರ ಮನೆಯಲ್ಲಿ ಎಷ್ಟು ಹೊತ್ತು ಕೂತಿದ್ದರೆಂದು ಈಗ ಕಿಟಕಿಯ ಪರದೆ ಸರಿಸದೆಯೇ ತಿಳಿಯುತ್ತಿತ್ತು.

ಅವಳು ಹಲ್ಲುಜ್ಜುವ ಮೊದಲೇ ಆ್ಯಪು ತೆರೆದಿದ್ದಳು. ಕಸದ ಚಿಂತೆ ಅವಳಿಗಿರಲಿಲ್ಲ. ನಕ್ಷೆಯಲ್ಲಿ ಅವರ ಮನೆಯ ಮೇಲೆ ನಿನ್ನೆಯವರೆಗೂ ಎರಡು ಚುಕ್ಕೆಗಳಿದ್ದವು. ಸುತ್ತ ಉಂಗುರವಿದ್ದದ್ದು ಅವಳದು. ಇನ್ನೊಂದು ಅವನದು. ಅವನ ಕೈಯಲ್ಲಿದ್ದ ಫೋನು ಅಪಘಾತದಲ್ಲಿ ಅವನ ಜೊತೆಗೇ ಹೋಗಿತ್ತು. ಆದರೆ ಆ್ಯಪು ಪರೀಕ್ಷಿಸಲು ಬಳಸುತ್ತಿದ್ದ ಇನ್ನೊಂದು ಹಳೆಯ ಫೋನು ಅವನ ಕೋಣೆಯ ಮೇಜಿನ ಮೇಲೆ ಉಳಿದಿತ್ತು. ಅದಕ್ಕೆ ದಿನವೂ ಚಾರ್ಜರ್ ಚುಚ್ಚುವುದೊಂದೇ ಈ ದಿನಗಳಲ್ಲಿ ಅವಳು ತಪ್ಪದೆ ಮಾಡಿದ ಕೆಲಸ. ಚುಚ್ಚಿದರೆ ಚುಕ್ಕೆ ಮನೆಯಲ್ಲೇ ಇರುತ್ತಿತ್ತು. ಅದನ್ನು ಮಾತ್ರ ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟಿದರೆ ಏನಾದರೂ ಬದಲಾಗಿಬಿಟ್ಟೀತೆಂಬ ಹೆದರಿಕೆ.

ಈಗ ಪರದೆಯ ತುಂಬ ಬರೀ ಬೂದು ಬಣ್ಣ. ಬೀದಿ ಇಲ್ಲ, ಮನೆ ಇಲ್ಲ, ಚುಕ್ಕೆ ಇಲ್ಲ.

ಹೊರಗೆ ಲಾರಿಯ ಹಾರನ್ ಕೇಳಿಸಿತು. ಬಾಗಿಲು ತೆರೆದು ನೋಡಿದರೆ ಕಸದ ಲಾರಿ ಬೀದಿಯ ಮಧ್ಯೆ ನಿಂತು, ಹಸಿದ ಎಮ್ಮೆಯ ಹಾಗೆ ಅರಚುತ್ತಿತ್ತು. ಪ್ರತಿ ಗೇಟಿನ ಬಳಿಯೂ ಒಬ್ಬೊಬ್ಬರು ಒಂದು ಕೈಯಲ್ಲಿ ಕಸದ ಬುಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತಲೆ ತಗ್ಗಿಸಿ ನಿಂತಿದ್ದರು.

"ಹಾಕ್ರೀ ಕಸ!" ಎಂದು ಚಾಲಕ ಕೂಗಿದ.

"ಇರಪ್ಪ, ಲಾರಿ ಇನ್ನೂ ಬಂದಿಲ್ಲ," ಎಂದಿತು ಒಂದು ದನಿ, ತಲೆ ಎತ್ತದೆ.

ಕಸ ಹಾಕಿದ್ದು ಎದುರು ಮನೆಯ ಡ್ರಿಲ್ ಟೀಚರ್ ಒಬ್ಬರೇ. ಆಕೆ ನಿವೃತ್ತರಾಗಿ ಎಷ್ಟೋ ಕಾಲವಾದರೂ ಕುತ್ತಿಗೆಯಿಂದ ಸೀಟಿ ಇಳಿದಿರಲಿಲ್ಲ. ಹಾರನ್ ಕೇಳಿದೊಡನೆ ಬಂದು, ಬುಟ್ಟಿ ಬೋರಲು ಹಾಕಿ, ಎಂದಿನಂತೆ ಅವಳ ಗೇಟಿನ ಹತ್ತಿರ ನಿಂತು, "ತಿಂಡಿ ತಿಂದ್ಯಾ?" ಎಂದು ಕೇಳಿದರು. ಕೇಳುತ್ತ ಕಣ್ಣನ್ನು ಅವಳ ಹೆಗಲ ಮೇಲಿಂದ ಒಳಗಿನ ಮೇಜಿನವರೆಗೆ ಹಾಯಿಸಿದರು. ಇನ್ನೇನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋದರು. ದಿನವೂ ಹೀಗೆಯೇ.

ಲಾರಿ ಅದೊಂದೇ ಬುಟ್ಟಿಯ ಕಸದೊಂದಿಗೆ ಹೋಯಿತು. ಕಾರ್ಯದರ್ಶಿ ತುಂಬಿದ ಬುಟ್ಟಿಯ ಸಮೇತ ಅವಳ ಮನೆಗೆ ಬಂದರು. ಹಿಂದೆಯೇ ಪಕ್ಕದ ಮನೆಯ ಚಿಕ್ಕಮ್ಮ. ಆಕೆ ಯಾರಿಗೂ ನಿಜವಾದ ಚಿಕ್ಕಮ್ಮನಲ್ಲ, ಬೀದಿಗೆಲ್ಲ ಚಿಕ್ಕಮ್ಮ.

"ನೋಡಮ್ಮಾ, ಇಂಥ ಹೊತ್ತಲ್ಲಿ ಕೇಳಬಾರ್ದು," ಎಂದರು ಕಾರ್ಯದರ್ಶಿ. "ಆದ್ರೂ ಕೇಳ್ತೀನಿ. ನಕ್ಷೆ ಎಲ್ಲಿ?"

"ನನಗೂ ಕಾಣ್ತಿಲ್ಲ ಸಾರ್."

"ನಿಮ್ಮ ಯಜಮಾನ್ರು ಅದು ಮೇಲಿದೆ, ಮೇಲಿಂದಲೇ ಇಳಿದು ಬರುತ್ತೆ ಅಂತಿದ್ರು."

ಚಿಕ್ಕಮ್ಮ ತಲೆ ಎತ್ತಿ ಆಕಾಶ ನೋಡಿದರು. "ಅಯ್ಯೋ! ಹೋಗೋವಾಗ ಜೊತೆಗೇ ತಗೊಂಡು ಹೋದ್ರಾ?" ಎಂದು, ಅವಳ ಕೆನ್ನೆ ಸವರಿ, "ನಿನಗೆ ಒಂದಲ್ಲ ಮಗಳೇ, ಎರಡೆರಡು ದುಃಖ," ಎಂದು ಕಣ್ಣೊರೆಸಿಕೊಂಡರು.

ಎರಡನೆಯದು ಯಾವುದೆಂದು ಅವಳಿಗೆ ಹೊಳೆಯಲಿಲ್ಲ. ನಕ್ಷೆಯದೇ ಇರಬೇಕೆಂದುಕೊಂಡಳು. ಚಿಕ್ಕಮ್ಮನಿಗೆ ಹೇಗೆ ಗೊತ್ತಾಯಿತೋ ಎಂದು ಮನಸ್ಸು ಸ್ವಲ್ಪ ಕರಗಿತು ಕೂಡ.

ಅಂದು ಅವಳು ಗ್ರಂಥಾಲಯದ ಕೆಲಸಕ್ಕೆ ಮರಳಬೇಕಿತ್ತು. ಚೀಲ ಇಳಿಸಿ, ಗಂಡನ ಆಫೀಸಿನ ಗೆಳೆಯನಿಗೆ ಫೋನ್ ಮಾಡಿದಳು.

"ನಕ್ಷೆ ಫೋನಿನೊಳಗೆ ಇರಲ್ಲ ಅತ್ತಿಗೆ," ಎಂದ ಅವನು. "ಬೇರೆ ಕಂಪನಿಯವರ ಕಂಪ್ಯೂಟರಿನಲ್ಲಿ ಇರುತ್ತೆ. ಆ್ಯಪು ಕೇಳಿದಾಗೆಲ್ಲ ಅವರು ತುಂಡು ತುಂಡಾಗಿ ಕಳಿಸ್ತಾರೆ, ನಮ್ಮ ಆ್ಯಪು ಜೋಡಿಸಿ ತೋರಿಸುತ್ತೆ. ಕೇಳೋವಾಗ ಒಂದು ಕೀ ತೋರಿಸ್ಬೇಕು. ಗುಪ್ತ ಅಕ್ಷರಗಳ ಉದ್ದ ಸಾಲು, ಅಷ್ಟೇ. ಅವನು ಆಫೀಸಿನ ಖಾತೆಯ ಕೀ ಹಾಕಿದ್ದ. ನಿನ್ನೆ ಆ ಖಾತೆ ಮುಚ್ಚಿದ್ರು."

"ಯಾರು ಮುಚ್ಚಿದ್ದು?"

ಅತ್ತಲಿಂದ ಗಂಟಲು ಸರಿಮಾಡಿಕೊಂಡ ಸದ್ದು. "ನಾನೇ ಅತ್ತಿಗೆ. ಮುಚ್ಚು ಅಂದ್ರು."

"ಹಾಗಾದ್ರೆ ಕೀ ಹೋಗಿದೆ ಅಂತೀಯಾ?"

ಈ ಕೊನೆಯ ಮಾತು ಬಾಗಿಲಿಗೆ ಒರಗಿದ್ದ ಚಿಕ್ಕಮ್ಮನ ಕಿವಿಗೆ ಬಿತ್ತು. ಕೀ ಹೋಗಿದೆಯಂತೆ ಎಂದು ಅವರು ಪಕ್ಕದ ಗೇಟಿಗೆ ದಾಟಿಸಿದರು. ಅಲ್ಲಿಂದ ಮುಂದಕ್ಕೆ ಅದು ಮನೆ ಬಾಗಿಲಿನ ಕೀ ಆಯಿತು. ತಿರುವಿನ ಮರ ಮುಟ್ಟುವ ಹೊತ್ತಿಗೆ, ಪಾಪ, ಅವಳು ಒಳಗಿಂದ ಚಿಲಕ ಹಾಕಿಕೊಂಡುಬಿಟ್ಟಿದ್ದಾಳೆ, ಯಾರಾದರೂ ಬೇಗ ಏನಾದರೂ ಮಾಡಿ ಎಂಬಲ್ಲಿಗೆ ಬಂದಿತ್ತು.

ಬೀಗದವನು ಚೀಲದೊಂದಿಗೆ ಓಡಿಬಂದ. ಬಾಗಿಲು ಹಾರುಹೊಡೆದಿತ್ತು. ಆದರೆ ಅವನು ಬಾಗಿಲು ನೋಡುವವನಲ್ಲ, ಬೀಗ ನೋಡುವವನು. ಅವಳು ಗೆಳೆಯ ಹೇಳಿದ್ದನ್ನು ಬರೆದುಕೊಂಡು ತಿರುಗುವಷ್ಟರಲ್ಲಿ ಬಾಗಿಲ ಬೀಗ ಬಿಚ್ಚಿ ಅವನ ಅಂಗೈಯಲ್ಲಿ ಕೂತಿತ್ತು.

"ಇದೇನಪ್ಪಾ? ಬಾಗಿಲು ತೆಗೆದೇ ಇದೆಯಲ್ಲ!"

"ಒಳಗೆ ಯಾರೋ ಸಿಕ್ಕಿಹಾಕ್ಕೊಂಡಿದ್ದಾರೆ ಅಂದ್ರಮ್ಮ."

"ಯಾರೂ ಇಲ್ಲ."

"ಅಂದ್ಮೇಲೆ ಕೆಲಸ ಆದ ಹಾಗೇ," ಎಂದು ಅವನು ಚೀಲ ಕಟ್ಟಿದ. "ಇದಂತೂ ಇನ್ನು ಕೂರಲ್ಲ. ನಾಳೆ ಹೊಸದು ತರ್ತೀನಿ. ಇವತ್ತೊಂದಿನ ಮನೇಲೇ ಇದ್ಬಿಡಿ."

ಹೀಗೆ ಅವಳ ಕೆಲಸವೂ ತಪ್ಪಿತು, ಬಾಗಿಲೂ ಹೋಯಿತು. ಮುಚ್ಚಲಾಗದ ಬಾಗಿಲೆಂದರೆ ಬೀದಿಗೆ ಕೊಟ್ಟ ಆಮಂತ್ರಣ. ಬೀದಿ ಒಳಗೆ ಬಂತು. ಕಾರ್ಯದರ್ಶಿ ಗಂಡನ ಕುರ್ಚಿಯಲ್ಲಿ ಕೂತರು. ಚಿಕ್ಕಮ್ಮ ಅಡುಗೆಮನೆ ಹೊಕ್ಕು ಎಲ್ಲರಿಗೂ ಚಹಾ ಮಾಡಿದರು, ಸಕ್ಕರೆ ಕಡಿಮೆ ಇಟ್ಟಿದ್ದೀಯಲ್ಲ ಎಂದು ಆಕ್ಷೇಪಿಸಿದರು ಕೂಡ. ಎಲ್ಲರ ಕಣ್ಣೂ ಆಗಾಗ ಅವಳ ಮೇಲೆ ಬಿದ್ದು, ಕೋಣೆಯ ಮೂಲೆ ಮೂಲೆ ಹುಡುಕಿ, ಫೋನಿಗೆ ಮರಳುತ್ತಿದ್ದವು.

ಅವಳು ಗಂಡನ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತಳು. ತನ್ನ ಹೆಸರಿನಲ್ಲಿ ಖಾತೆ ತೆರೆದಳು. ಹೊಸ ಕೀ ಬಂತು. ಬೆಕ್ಕು ಕೀಲಿಮಣೆಯ ಮೇಲೆ ನಡೆದುಹೋದ ಹಾಗಿತ್ತು. ಗೆಳೆಯ ಹೇಳಿದ ಜಾಗದಲ್ಲಿ ಅದನ್ನು ಹಾಕಿದಳು. ಅದರ ಕೆಳಗೆ ಎರಡು ಸಂಖ್ಯೆಗಳಿದ್ದವು. ಮೊದಲು ದೊಡ್ಡದು, ಆಮೇಲೆ ಸಣ್ಣದು. ಇಷ್ಟು ವರ್ಷ ಗ್ರಂಥಾಲಯದಲ್ಲಿ ಸಂಖ್ಯೆಯ ಕ್ರಮ ತಪ್ಪಿದ ಪುಸ್ತಕಗಳನ್ನು ಸರಿ ಜಾಗಕ್ಕೆ ಸೇರಿಸಿದ ಕೈ ಅದು, ಸುಮ್ಮನಿರಲಿಲ್ಲ. ಸಣ್ಣದನ್ನು ಮೊದಲಿಗೆ, ದೊಡ್ಡದನ್ನು ಆಮೇಲಕ್ಕೆ ಇಟ್ಟು ಉಳಿಸಿದಳು.

"ಬಂತು! ಬಂತು!" ಎಂದು ಕಾರ್ಯದರ್ಶಿ ಎದ್ದು ನಿಂತರು. ಮತ್ತೆ ಕೂತರು. "ಇದೇನಮ್ಮಾ, ಬರೀ ನೀಲಿ?"

ನಿಜ. ಬೂದು ಹೋಗಿ ನೀಲಿ ಬಂದಿತ್ತು. ಅಂಚಿಲ್ಲದ, ಊರಿಲ್ಲದ ನೀಲಿ.

"ಸಮುದ್ರ," ಎಂದ ಯಾರೋ.

"ನಮ್ಮ ಬೀದಿ ಸಮುದ್ರದಲ್ಲಿದೆಯಾ?" ಎಂದು ಚಿಕ್ಕಮ್ಮ ಸೆರಗು ಎತ್ತಿ ಹಿಡಿದರು, ಆಗಲೇ ಒದ್ದೆಯಾದವರ ಹಾಗೆ.

"ಲಾರಿ ಹೇಗೆ ಬರುತ್ತೆ?" ಎಂದು ಕಾರ್ಯದರ್ಶಿ ಗಂಭೀರವಾಗಿ ಕೇಳಿದರು. ಕೈಯಲ್ಲಿದ್ದದ್ದು ನಕ್ಷೆಯಾದ್ದರಿಂದ ಅವರು ಅದನ್ನು ಅನುಮಾನಿಸಲಿಲ್ಲ. ಕಾಲಡಿಯ ನೆಲವನ್ನೇ ಒಮ್ಮೆ ಬಗ್ಗಿ ನೋಡಿಕೊಂಡರು.

ಗೆಳೆಯನಿಗೆ ಮತ್ತೆ ಫೋನು. "ಆ ಎರಡು ಸಂಖ್ಯೆ ಮುಟ್ಟಿದ್ರಾ ಅತ್ತಿಗೆ?"

"ಕ್ರಮಕ್ಕೆ ತಂದೆ."

"ಅದೇ ನಿಮ್ಮ ಬೀದಿಯ ವಿಳಾಸ ಅತ್ತಿಗೆ. ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ತಿರುಗಿಸಿದ್ರೆ ಬೀದಿ ಇನ್ನೆಲ್ಲೋ ಹೋಗಿ ಬೀಳುತ್ತೆ."

ಅವಳು ಸಂಖ್ಯೆಗಳನ್ನು ಮತ್ತೆ ಅಕ್ರಮಕ್ಕೆ ತಂದು ಉಳಿಸಿದಳು. ಕಣ್ಣು ಮುಚ್ಚಿಕೊಂಡಳು. ಅವಳಿಗೆ ಬೀದಿ ಬೇಕಿರಲಿಲ್ಲ, ಲಾರಿ ಬೇಕಿರಲಿಲ್ಲ. ಒಂದು ಚುಕ್ಕೆ ವಾಪಸ್ಸು ಬಂದರೆ ಸಾಕಿತ್ತು.

 ಕಣ್ಣು ತೆರೆದರೆ ಅವಳ ಫೋನಿನಲ್ಲಿ ಬೀದಿ ತುಂಡು ತುಂಡಾಗಿ ಬಂದು ಕೂಡಿಕೊಳ್ಳುತ್ತಿತ್ತು. ತಿರುವಿನ ಮರ. ಎದುರು ಮನೆ. ಅವರ ಮನೆ. ಅದರ ಮೇಲೆ ಬೀದಿಯವರ ಚುಕ್ಕೆಗಳೆಲ್ಲ ಚೆಲ್ಲಿದ ಸಾಸಿವೆಯ ಹಾಗೆ ನಡುಮನೆಯಲ್ಲಿ ಗುಡ್ಡೆಯಾಗಿದ್ದವು. ಅವನ ಕೋಣೆಯ ಮೂಲೆಯಲ್ಲಿ, ಮೇಜಿನ ಜಾಗದಲ್ಲಿ, ಒಂದೇ ಒಂದು ಚುಕ್ಕೆ ಬೇರೆಯಾಗಿತ್ತು.

ಇದ್ದಾನೆ, ಎಂದುಕೊಂಡಳು ಅವಳು.

"ಇದ್ದಾಳೆ," ಎಂದರು ಚಿಕ್ಕಮ್ಮ.

ಅವಳು ತಿರುಗಿದಳು. "ಯಾರು?"

 ಎಲ್ಲರೂ ಚಹಾದ ಲೋಟದೊಳಗೆ ಇಣುಕಿದರು.

"ಯಾರು ಚಿಕ್ಕಮ್ಮ?"

"ಹೇಳಬಾರ್ದು ಅಂದ್ಕೊಂಡಿದ್ವಿ ಮಗಳೇ. ಅವನಿದ್ದಾಗಲೇ ಶುರುವಾಗಿತ್ತು. ಹಗಲೂ ರಾತ್ರಿ ಅವನ ಕೋಣೇಲೇ! ಅವನು ಹೋದ್ಮೇಲೂ ಬಿಟ್ಟು ಕದಲ್ತಿಲ್ಲ, ನೋಡು. ಎಲ್ಲಿ ಬಚ್ಚಿಟ್ಟುಕೊಂಡಿದ್ದಾಳೋ ಅಂತ ಬೆಳಗಿಂದ ನೋಡ್ತಾ ಇದ್ದೀವಿ."

ಅವಳು ಬೆರಳು ಚಾಚಿ, ಇಷ್ಟು ದಿನ ಮುಟ್ಟದಿದ್ದ ಚುಕ್ಕೆಯನ್ನು ಮುಟ್ಟಿದಳು. ಪುಟ್ಟ ಚೌಕ ತೆರೆದು ಹೆಸರು ಬಂತು: ಡ್ರಿಲ್ ಟೀಚರ್. ಪಕ್ಕದಲ್ಲಿ ಸೀಟಿ ಕಚ್ಚಿದ ಭಾವಚಿತ್ರ.

ಅವಳಿಗೆ ನೆನಪಾಯಿತು. ಅಪಘಾತವಾದ ವಾರ ಅವನು ಊಟದ ನಡುವೆ ಹೇಳಿದ್ದ: ಹೊಸ ಫೋನುಗಳಲ್ಲೆಲ್ಲ ನಕ್ಷೆ ಬರ್ತಿದೆ, ತೀರಾ ಹಳೇದರಲ್ಲಿ ಬರುತ್ತೋ ಇಲ್ವೋ ನೋಡ್ಬೇಕು, ಯಾರ ಹತ್ರಾದ್ರೂ ಈಸ್ಕೊಂಡು ಬರ್ತೀನಿ. ಅವಳು ಅನ್ನ ಬಡಿಸುತ್ತಿದ್ದಳು. ಯಾರ ಹತ್ತಿರ ಎಂದು ಕೇಳಿರಲಿಲ್ಲ.

ಇಷ್ಟು ದಿನ ಚಾರ್ಜರ್ ಚುಚ್ಚಿ, ಕೋಣೆಯ ದೀಪ ಆರಿಸದೆ, ಅವಳು ಕಾದದ್ದು ಡ್ರಿಲ್ ಟೀಚರನ್ನು.

 ಅಳು ಬಂತೆಂದುಕೊಂಡಳು, ಬಂದದ್ದು ನಗು. ಚಿಕ್ಕಮ್ಮ ಗಾಬರಿಯಿಂದ ನೀರಿಗೆ ಓಡಿದರು.

"ಅದು ಟೀಚರ್ ಫೋನು ಚಿಕ್ಕಮ್ಮ," ಎಂದಳು ಅವಳು. "ಇಲ್ಲೇ ಮೇಜಿನ ಮೇಲಿದೆ. ಮನುಷ್ಯರಲ್ಲ, ಬರೀ ಫೋನು."

"ನಕ್ಷೆ ಸುಳ್ಳು ಹೇಳುತ್ತಾ ಅಮ್ಮಾ?" ಎಂದರು ಕಾರ್ಯದರ್ಶಿ, ಸಮುದ್ರ ಮರೆತು. "ನಿಮ್ಮ ದೊಡ್ಡತನ. ಗಂಡನ ಮಾನ ಕಾಪಾಡ್ತಿದ್ದೀರಿ. ಅಂದ ಹಾಗೆ, ಕೀ ನಿಮ್ಮ ಹೆಸರಲ್ಲೇ ಆಯ್ತಲ್ಲ? ಇನ್ಮೇಲೆ ನಕ್ಷೆಯ ಜವಾಬ್ದಾರಿ ನಿಮ್ಮದೇ. ಲಾರಿ ಸ್ವಲ್ಪ ಎಡಕ್ಕೆ ಕಾಣ್ತಿದೆ, ನಾಳೆಯೊಳಗೆ ನೋಡಿ."

 ಅವಳು ಚಾರ್ಜರ್ ಕಿತ್ತಳು. ಫೋನನ್ನು ಸೀರೆಯಂಚಿನಿಂದ ಒರೆಸಿ, ಬೀಗವಿಲ್ಲದ ಬಾಗಿಲಿನಿಂದ ಹೊರಬಿದ್ದು, ರಸ್ತೆ ದಾಟಿದಳು.

ಡ್ರಿಲ್ ಟೀಚರ್ ಗೇಟಿನಲ್ಲೇ ಇದ್ದರು. ಫೋನು ಕಂಡೊಡನೆ ಅವರ ಮುಖ ಅರಳಿ, ಅರಳಿದ್ದಕ್ಕೆ ನಾಚಿಕೊಂಡಿತು.

"ದಿನಾ ಕೇಳೋಣ ಅಂತ ಬರ್ತಿದ್ದೆ ಕಣೇ. ಸಾವಿನ ಮನೇಲಿ ನಿಂತು ನನ್ನ ಫೋನ್ ಕೊಡು ಅನ್ನೋಕೆ ನಾಲಿಗೆ ಏಳಲಿಲ್ಲ."

"ನನಗೆ ಗೊತ್ತಿರಲಿಲ್ಲ ಟೀಚರ್. ಅವರದೇ ಅಂದ್ಕೊಂಡಿದ್ದೆ."

ಟೀಚರ್ ಪರದೆ ನೋಡಿದರು. "ಚಾರ್ಜು ತುಂಬಿದೆಯಲ್ಲ?"

"ದಿನಾ ಹಾಕ್ತಿದ್ದೆ."

ಟೀಚರ್ ಫೋನನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಅವಳೂ ತಕ್ಷಣ ಬಿಡಲಿಲ್ಲ. ಇಬ್ಬರ ಕೈಗಳೂ ಅದರ ಮೇಲೆ ಒಂದು ಗಳಿಗೆ ನಿಂತವು.

ಅತ್ತ ಅವಳ ನಡುಮನೆಯಲ್ಲಿ ಬೀದಿಗೆ ಬೀದಿಯೇ ತಲೆ ತಗ್ಗಿಸಿ ಕೂತಿತ್ತು. ಕತ್ತೆತ್ತಿದ್ದರೆ ಕಿಟಕಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಯಾರೂ ಎತ್ತಲಿಲ್ಲ.

"ಎದ್ದಳು! ರಸ್ತೆ ದಾಟಿದಳು!" ಎಂಬ ಚಿಕ್ಕಮ್ಮನ ದನಿ ಇಲ್ಲಿಯವರೆಗೂ ಕೇಳಿಸಿತು. "ಕೊನೆಗೂ ಅವನ ಮನೆ ಬಿಟ್ಟು ಹೋದಳು ನೋಡ್ರೀ!"

ಅವಳು ಫೋನಿನ ಮೇಲಿಂದ ಕೈ ತೆಗೆದಳು.