ಅತ್ತೆ ನಕ್ಕ ಫೋಟೋ

ಹೊಸದನ್ನು ಕಂಡರೆ ನನಗಾಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಮಿಕ್ಸರ್ ಮನೆಗೆ ಬಂದ ದಿನವೇ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದವಳು ನಾನು. ಫೋನಿನಲ್ಲಿ ಕರೆಂಟ್ ಬಿಲ್ ತುಂಬುವುದನ್ನು ನಮ್ಮ ಓಣಿಯಲ್ಲಿ ಮೊದಲು ಕಲಿತವಳೂ ನಾನೇ. ನನಗೆ ಆಗಿಬರದಿರುವುದು ಒಂದೇ: ನಾನು ಇಟ್ಟ ವಸ್ತುವನ್ನು ನನ್ನನ್ನು ಕೇಳದೆ ಬೇರೆ ಕಡೆ ಇಡುವುದು. ಅದನ್ನು ಗಂಡ ಮಾಡಲಿ, ಕಂಪ್ಯೂಟರ್ ಮಾಡಲಿ, ನನಗೆ ಬರುವ ಸಿಟ್ಟು ಒಂದೇ ಅಳತೆಯದು. ಅದಕ್ಕೆ ಕಾರಣ ನನ್ನ ನೌಕರಿ. ಇಪ್ಪತ್ತೇಳು ವರ್ಷಗಳಿಂದ ಕೊಪ್ಪಳದಿಂದ ಯಲಬುರ್ಗಾಕ್ಕೆ ದಿನಾ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮನ್ನು ಕಾಯುತ್ತಿದ್ದೇನೆ. ಒಮ್ಮೆ ಹೊಸ ಸಾಹೇಬರೊಬ್ಬರು ಬಂದು, ಕಪಾಟು ನೋಡಲಿಕ್ಕೆ ಚೆಂದ ಇರಬೇಕೆಂದು ಫೈಲುಗಳನ್ನೆಲ್ಲ ಎತ್ತರದ ಪ್ರಕಾರ ಇಡಿಸಿದರು. ನಿಜಕ್ಕೂ ಚೆಂದ ಕಾಣಿಸುತ್ತಿತ್ತು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಮೂರನೆಯ ದಿನ ಅವರಿಗೇ ಒಂದು ಹಳೆಯ ಕಾಗದ ಬೇಕಾಯಿತು. ಸಂಜೆಯವರೆಗೆ ಹುಡುಕಿಸಿ, ಕೊನೆಗೆ ನನ್ನ ಮೇಜಿನ ಮುಂದೆ ಬಂದು, "ಮೇಡಮ್, ಎಲ್ಲಾ ಮೊದಲ ಹೆಂಗಿತ್ತೋ ಹಂಗ ಇಟ್ಟುಬಿಡ್ರಿ" ಎಂದರು. ನಾನು ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ಎಂಥ ಸುಖವಿದೆ ಎಂಬುದು ಅವತ್ತು ಗೊತ್ತಾಯಿತು.

ಮನೆಯ ಫೋಟೋಗಳ ಖಾತೆಯೂ ನನ್ನದೇ. ನಮ್ಮಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಬಂದಾಗಿನಿಂದ ತೆಗೆದವಳು ನಾನು, ಕಂಪ್ಯೂಟರಿಗೆ ಹಾಕಿದವಳು ನಾನು, ಫೋಲ್ಡರಿಗೆ ಹೆಸರಿಟ್ಟವಳು ನಾನು. ತಾರೀಖು ನನಗೆ ನೆನಪಿರುವುದಿಲ್ಲ. ಆದ್ದರಿಂದ ಏನಾಯಿತು ಎಂಬುದನ್ನೇ ಹೆಸರಾಗಿ ಇಡುತ್ತಿದ್ದೆ: "ಬೀಗರು ಸಿಟ್ಟಾದ ಮದುವಿ", "ಕರೆಂಟ್ ಹೋದ ಗೃಹಪ್ರವೇಶ", "ಇವರಿಗೆ ಕೂದಲ ಇದ್ದಾಗ". ಬೇರೆಯವರು ನೋಡಿದರೆ ನಗುತ್ತಿದ್ದರು. ಆದರೆ ಯಾರಿಗಾದರೂ ಯಾವುದಾದರೂ ಫೋಟೋ ಬೇಕಾದರೆ ಚಹಾ ಸೋಸುವುದರೊಳಗೆ ತೆಗೆದುಕೊಡುತ್ತಿದ್ದೆ.

ಈ ಎಲ್ಲಾ ಫೋಲ್ಡರುಗಳಲ್ಲಿ ಒಂದೇ ಒಂದು ಫೋಟೋ ಇದ್ದ ಫೋಲ್ಡರೊಂದಿತ್ತು. ಅದರ ಹೆಸರು "ಅತ್ತಿ ನಕ್ಕಿದ್ದು". ನಮ್ಮ ಅತ್ತೆ ಕೆಟ್ಟವರಲ್ಲ, ಆದರೆ ನಗುವ ಪೈಕಿಯವರೂ ಅಲ್ಲ. ಕ್ಯಾಮೆರಾ ಕಂಡರೆ ಸಾಕು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕೈ ಕಟ್ಟಿ, ಯಾರೋ ಆಪಾದನೆ ಹೊರಿಸಿದ್ದಾರೆ ಎಂಬಂತೆ ನಿಂತುಬಿಡುವರು. ಒಮ್ಮೆ ಮಾತ್ರ ಮುನಿರಾಬಾದಿನಲ್ಲಿ, ಡ್ಯಾಮಿನ ಕೆಳಗಿನ ಹೂದೋಟದಲ್ಲಿ, ನಾವೆಲ್ಲ ನನ್ನ ನಾದಿನಿ ಗಿರಿಜಾಳ ಮನೆಗೆ ಹೋಗಿದ್ದಾಗ, ನಾನು ಕ್ಯಾಮೆರಾ ಹಿಡಿದು, "ಅತ್ತಿ, ನೀವು ನಗಲಿಲ್ಲಂದ್ರ ಡ್ಯಾಮಿನ ಗೇಟು ತೆಗೀತಾರಂತ ನೋಡ್ರಿ" ಎಂದೆ. ಅವರು ನಕ್ಕರು. ಅದೂ ಬಾಯಿ ತುಂಬ, ಕಣ್ಣು ಮುಚ್ಚಿಹೋಗುವ ಹಾಗೆ, ಸೆರಗು ಹೆಗಲಿಗೆ ಜಾರಿದ್ದೂ ಗೊತ್ತಾಗದ ಹಾಗೆ. ನನ್ನ ಕೈ ಅಲುಗಿ ಫೋಟೋ ಸ್ವಲ್ಪ ಮಸುಕಾಯಿತು, ಸೊಟ್ಟವೂ ಆಯಿತು. ಆದರೇನು, ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ನಾನು ಅವರನ್ನು ನಗಿಸಿದ್ದು ಅದೊಂದೇ ಸಲ. ದೊಡ್ಡ ಬಹುಮಾನ ಗೆದ್ದವರ ಹಾಗೆ ಅದನ್ನು ಒಂದು ಫೋಲ್ಡರಿನಲ್ಲಿ ಒಂಟಿಯಾಗಿ ಇಟ್ಟಿದ್ದೆ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಈಗ ಅವರ ವರ್ಷದ ಪುಣ್ಯಸ್ಮರಣೆ ಹತ್ತಿರ ಬಂತು. ಗೋಡೆಗೆ ಒಂದು ಫೋಟೋ ಬೇಕು, ಫ್ರೇಮ್ ಹಾಕಿಸಬೇಕು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸೋಣ ಎಂದರು. ಅದರಲ್ಲಿ ಅತ್ತೆ ಹೇಗಿದ್ದಾರೆಂದರೆ, ನೋಡಿದವರು ನಾವೇ ಏನೋ ತಪ್ಪು ಮಾಡಿದ್ದೇವೆ ಎಂದು ಅಂಗಳದಲ್ಲೇ ನಿಂತುಬಿಡುತ್ತಾರೆ.

"ನಗೋ ಫೋಟೋ ಐತಲ್ರಿ ನನ್ನ ಹತ್ರ" ಎಂದೆ.

"ಎಲ್ಲೈತಿ?"

"ಕಂಪ್ಯೂಟರಿನಾಗ."

"ಯಾವ ಕಂಪ್ಯೂಟರಿನಾಗ?" ಎಂದು ಮನೆಯವರು ಕೇಳಿದರು. ಕೇಳಿದ್ದು ಸರಿಯೇ.

ಏಕೆಂದರೆ ಅದಕ್ಕೆ ಒಂದೂವರೆ ತಿಂಗಳ ಹಿಂದೆ ನಮ್ಮ ಹಳೆಯ ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದೆ ಎಂದು ಮನೆಯವರು ಹೊಸ ಲ್ಯಾಪ್‌ಟಾಪ್ ತಂದಿದ್ದರು. ನಮ್ಮ ಮೈದುನನ ಮಗಳು ವಿದ್ಯಾ ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳೇ ಬಂದು ಒಂದು ಭಾನುವಾರವಿಡೀ ಕೂತು, ಹೊಸ ಫೋಟೋ ಸಾಫ್ಟ್‌ವೇರ್ ಹಾಕಿ, ಹಳೆಯ ಫೋಟೋಗಳನ್ನೆಲ್ಲ ಅದರೊಳಗೆ ಸುರಿದಳು. ಹಳೆಯ ಕಂಪ್ಯೂಟರಿನ ಡಬ್ಬಿಯನ್ನು ವಿದ್ಯಾರ್ಥಿಗಳಿಗೆ ಬಿಚ್ಚಿ ತೋರಿಸುತ್ತೇನೆಂದು ಗಂಗಾವತಿಗೆ ಒಯ್ದಳು. "ಇನ್ನ ನೀವೇನೂ ಮಾಡೂದು ಬ್ಯಾಡ ದೊಡ್ಡವ್ವ, ಎಲ್ಲಾ ಅದ ನೋಡಿಕೋತೈತಿ" ಎಂದು ಹೋಗುವಾಗ ಹೇಳಿದಳು. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವವರನ್ನು ನಾನು ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೂ ಅವತ್ತು ತಲೆಯಾಡಿಸಿದೆ.

ಅದು ನೋಡಿಕೊಂಡ ಚೆಂದ ಏನು ಹೇಳಲಿ! ತೆರೆದು ನೋಡಿದರೆ ನನ್ನ ಒಂದು ಫೋಲ್ಡರೂ ಇಲ್ಲ. ಎಲ್ಲಾ ಫೋಟೋಗಳನ್ನು ತಾರೀಖಿನ ಪ್ರಕಾರ ಒಂದೇ ಉದ್ದದ ಚಾಪೆಯ ಹಾಗೆ ಹಾಸಿತ್ತು. ನಮ್ಮ ಹಳೆಯ ಕ್ಯಾಮೆರಾದ ರೋಗವೆಂದರೆ, ಸೆಲ್ಲು ಮುಗಿದಾಗಲೆಲ್ಲ ಅದರ ತಾರೀಖು ಯಾವುದೋ ವರ್ಷದ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಹಾಗಾಗಿ ಈ ಸಾಫ್ಟ್‌ವೇರ್ ಪ್ರಕಾರ ನಮ್ಮ ಮನೆತನದಲ್ಲಿ ನಾಲ್ಕು ಮದುವೆ, ಒಂದು ಸೀಮಂತ, ಆ ಸೀಮಂತದ ಕೂಸಿನ ಕೂದಲು ತೆಗೆಸಿದ ಜವಳ, ಉಪ್ಪಿನಕಾಯಿ ಹಾಕಿದ್ದು, ಮನೆಯವರ ಕಾಲು ಮುರಿದದ್ದು, ಎಲ್ಲವೂ ಒಂದೇ ಜನವರಿ ಒಂದರಂದು ಆಗಿವೆ. ಕಾಲು ಮುರಿದವರು ಮಧ್ಯಾಹ್ನವೇ ಬೀಗರ ಮುಂದೆ ಕುಣಿದಿದ್ದಾರೆ ಕೂಡ.

ಮುಖದ ಪ್ರಕಾರ ಹುಡುಕು ಎಂದು ಇನ್ನೊಂದು ಕಡೆ ಇತ್ತು. ಒತ್ತಿದೆ. ನಮ್ಮ ಮನೆಯ ಫೋಟೋಗಳಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕಾಣಿಸಿಕೊಂಡ ವ್ಯಕ್ತಿಯನ್ನು ಅದು ಎಲ್ಲಕ್ಕಿಂತ ಮೇಲೆ ಇಟ್ಟಿತ್ತು. ನೋಡಿದರೆ ಯಾರೋ ಗುರುತಿಲ್ಲದ ಪುಢಾರಿ! ಕಲ್ಯಾಣಮಂಟಪದ ಗೇಟಿಗೆ, ಬಸ್‌ಸ್ಟ್ಯಾಂಡಿಗೆ, ದೇವಸ್ಥಾನದ ಕಂಬಕ್ಕೆ ಕಟ್ಟಿದ ಫ್ಲೆಕ್ಸುಗಳಿಂದ ಆತ ನಮ್ಮ ಪ್ರತಿಯೊಂದು ಶುಭಕಾರ್ಯದಲ್ಲೂ ಕೈಮುಗಿದು ನಿಂತಿದ್ದ. "ಇವರು ನಿಮಗೆ ಏನಾಗಬೇಕು?" ಎಂದು ಸಾಫ್ಟ್‌ವೇರ್ ಅಕ್ಕರೆಯಿಂದ ಕೇಳಿತು. ನಾನು ಅವನನ್ನು ಪಕ್ಕಕ್ಕೆ ಸರಿಸಿದೆ. ನನ್ನನ್ನೇ ಅದು ಮೂರು ಬೇರೆ ಬೇರೆ ಹೆಂಗಸರನ್ನಾಗಿ ಮಾಡಿತ್ತು: ಕನ್ನಡಕ ಇಲ್ಲದವಳು, ಕನ್ನಡಕ ಇದ್ದವಳು, ಕೂದಲಿಗೆ ಬಣ್ಣ ಹಚ್ಚಿದವಳು. ಅತ್ತೆಯ ಮುಖ ಮಾತ್ರ ಎಲ್ಲೂ ಇಲ್ಲ. ಸೆರಗಿನೊಳಗೆ ಅಡಗಿದ್ದನ್ನು ಅದು ಮುಖವೆಂದು ಒಪ್ಪಿರಲೇ ಇಲ್ಲ.

ಮೂರು ಸಂಜೆ ಆ ಚಾಪೆಯನ್ನು ಉರುಳಿಸಿದೆ. ಬೆರಳು ನೋಯಿತು. ಮನೆಯವರು ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತ, "ಆಧಾರದ್ದ ಮಾಡಸೋಣಂತ ನಾ ಮೊದಲ ಹೇಳಿದ್ದೆ" ಎಂದರು.

"ಅವರು ನಿಮ್ಮ ತಾಯಿ. ಗೋಡಿ ಮ್ಯಾಲೆ ಕುಂತು ಇಡೀ ದಿನ ನನ್ನ ಗುರಾಯಿಸ್ತಾರ. ನಿಮಗೇನು, ನೀವು ಹೊರಗ ಹೋಗ್ತೀರಿ" ಎಂದು ಹೇಳಿ ವಿದ್ಯಾಳಿಗೆ ಫೋನ್ ಹಚ್ಚಿದೆ.

ಅವಳು ಸಮಾಧಾನದಿಂದ, "ದೊಡ್ಡವ್ವ, ಫೋಲ್ಡರ್ ಅನ್ನೂದು ಹಳೇ ಪದ್ಧತಿ. ಈಗ ಎಲ್ಲಾದಕ್ಕೂ ಹೆಸರಿನ ಚೀಟಿ ಹಚ್ಚಿದಂಗ ಟ್ಯಾಗ್ ಮಾಡಬೇಕು" ಎಂದಳು.

"ನನಗ ಟ್ಯಾಗ್ ಹೇಳಿಕೊಡಬ್ಯಾಡ. ಇಪ್ಪತ್ತೇಳು ವರ್ಷ ಟ್ಯಾಗಿನ ದಾರದಿಂದನ ಕಾಗದ ಪೋಣಿಸಿ ಫೈಲು ಕಟ್ಟೀನಿ. ನಿಮ್ಮ ಆಯಿ ನಕ್ಕ ಫೋಟೋ ಎಲ್ಲೈತಿ, ಅದನ್ನ ಹೇಳು" ಎಂದೆ. ನಮ್ಮ ಅತ್ತೆ ಅವಳಿಗೆ ಆಯಿ, ಅಂದರೆ ಅಜ್ಜಿ.

"ಅದು ಸ್ವಲ್ಪ ಮಸುಕು ಇತ್ತೇನು?"

"ಇತ್ತು. ಯಾಕ?"

ಅವಳು ಸಣ್ಣ ದನಿಯಲ್ಲಿ ಹೇಳಿದಳು. ಮೊದಲ ದಿನವೇ ಆ ಸಾಫ್ಟ್‌ವೇರ್, ಮಸುಕಾದ ಫೋಟೋಗಳನ್ನು ತೆಗೆದುಹಾಕಲೇ ಎಂದು ಕೇಳಿತ್ತಂತೆ. ಇವಳು ಹೂಂ ಎಂದು ಒತ್ತಿದ್ದಳಂತೆ. ತೆಗೆದವು ಒಂದು ತಿಂಗಳು ಕಸದ ಬುಟ್ಟಿಯಲ್ಲಿರುತ್ತವೆ, ಆಮೇಲೆ ಅದೂ ತಾನಾಗಿಯೇ ಖಾಲಿಯಾಗುತ್ತದಂತೆ. ತಿಂಗಳು ಮುಗಿದು ಹದಿನೈದು ದಿನ ಆಗಿತ್ತು.

ನಮ್ಮ ಅತ್ತೆ ಜನ್ಮದಲ್ಲಿ ಒಮ್ಮೆ ನಕ್ಕದ್ದನ್ನು ಒಂದು ಯಂತ್ರ ಕಸ ಎಂದು ತೀರ್ಮಾನಿಸಿತ್ತು. ಗುರಾಯಿಸಿದ ಫೋಟೋಗಳೆಲ್ಲ ಸ್ಪಷ್ಟವಾಗಿದ್ದವು, ಆದ್ದರಿಂದ ಅವೆಲ್ಲ ಉಳಿದಿದ್ದವು. ನನಗೆ ಅಳು ಬರಲಿಲ್ಲ, ಹಠ ಬಂತು. "ಹಳೇ ಡಬ್ಬಿ ಬಿಚ್ಚೀ ಏನು?" ಎಂದು ಕೇಳಿದೆ. "ಅರ್ಧ ಬಿಚ್ಚೇವಿ. ಉಳಿದದ್ದು ನಾಳೆ" ಎಂದಳು. "ನಾಳೆ ಯಾರೂ ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಫೋನಿಟ್ಟೆ.

ಮರುದಿನ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣದ ಜಾಗದಲ್ಲಿ "ಅತ್ತೆಯವರ ಸಂಬಂಧ ತುರ್ತು ಕೆಲಸ" ಎಂದು ಬರೆದೆ. ಅತ್ತೆ ಹೋಗಿ ವರ್ಷವಾಯಿತೆಂದು ಗೊತ್ತಿದ್ದ ಸಾಹೇಬರು ಏನು ತಿಳಿದುಕೊಂಡರೋ, ಸುಮ್ಮನೆ ಸಹಿ ಮಾಡಿದರು.

ಗಂಗಾವತಿಯ ಬಸ್ಸಿಳಿದು ಕಾಲೇಜಿಗೆ ಹೋದೆ. ಲ್ಯಾಬಿನ ಉದ್ದನೆಯ ಮೇಜಿನ ಮೇಲೆ ನಮ್ಮ ಕಂಪ್ಯೂಟರ್ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಒಂದೊಂದು ಭಾಗಕ್ಕೂ ಹಳದಿ ಚೀಟಿ ಅಂಟಿಸಿದ್ದರು. ಇಷ್ಟು ವರ್ಷ ನಮ್ಮ ಪಡಸಾಲೆಯಲ್ಲಿ, ನಾನು ಹೊಲಿದ ಕಸೂತಿಯ ಮುಸುಕು ಹೊದ್ದು ಮರ್ಯಾದೆಯಿಂದ ಕೂತಿದ್ದ ಜೀವ ಅದು. ವಿದ್ಯಾಳ ಮುಖ ಬಾಡಿತ್ತು. "ಹಾರ್ಡ್ ಡಿಸ್ಕ್ ಇನ್ನ ಬಿಚ್ಚಿಲ್ಲ ದೊಡ್ಡವ್ವ. ಆದ್ರ ಚಾಲೂ ಆಗತೈತೋ ಇಲ್ಲೋ ಹೇಳಾಕ ಬರಂಗಿಲ್ಲ" ಎಂದಳು.

ತೆಗೆದದ್ದನ್ನೆಲ್ಲ ಅವಳು ಒಂದೊಂದಾಗಿ ಮತ್ತೆ ಸೇರಿಸಿದಳು. ನಾನು ಸ್ಕ್ರೂಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತೆ. ವೈರು ಚುಚ್ಚಿ ಗುಂಡಿ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಒಳಗಿನಿಂದ ಹಿಟ್ಟಿನ ಗಿರಣಿ ಶುರುವಾಯಿತು. ಆ ಕರ್ಕಶ ಸದ್ದು ನನಗೆ ಅವತ್ತು ಎಷ್ಟು ಇಂಪಾಗಿ ಕೇಳಿತೆಂದರೆ, ಕೈ ಮುಗಿದುಬಿಟ್ಟೆ. ಪರದೆಯ ಮೇಲೆ ನನ್ನ ಫೋಲ್ಡರುಗಳು, ನಾನಿಟ್ಟ ಹೆಸರುಗಳಲ್ಲಿ, ನಾನಿಟ್ಟ ಸಾಲಿನಲ್ಲಿ ಬಂದು ನಿಂತವು. ನಾನೇ ಮೌಸ್ ಹಿಡಿದು ತೆರೆದೆ.

ವಿದ್ಯಾ ಪರದೆಯ ಹತ್ತಿರ ಬಾಗಿ ನೋಡಿದಳು. "ಆಯಿಗೆ ಇಷ್ಟು ಹಲ್ಲು ಇದ್ದವಾ ದೊಡ್ಡವ್ವ? ನಾ ಒಂದು ದಿನಾನೂ ನೋಡಿಲ್ಲ" ಎಂದಳು. ದಾರಿಯುದ್ದಕ್ಕೂ ಅವಳಿಗೆ ಬೈಯಬೇಕೆಂದು ನಾಲ್ಕು ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ. ಅವಳ ಕಣ್ಣು ನೋಡಿ ನಾಲ್ಕನ್ನೂ ನುಂಗಿದೆ. ಆದರೆ ಡಬ್ಬಿಯನ್ನು ಮಾತ್ರ ಬಿಟ್ಟುಬರಲಿಲ್ಲ. "ಫೋಟೋ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ, ಇದನ್ನ ಯಾಕ ಹೊತಗೊಂಡು ಹೋಗ್ತೀರಿ?" ಎಂದು ಅವಳು ಎಷ್ಟು ಹೇಳಿದರೂ ಕೇಳದೆ, ಚಾದರದಲ್ಲಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಮುಂದಿನ ಸೀಟಿನ ಹೆಂಗಸು ತಿರುಗಿ, "ಏನ್ರಿ ಅದು, ಟಿವಿ ಏನು?" ಎಂದು ಕೇಳಿದಳು. "ಅಲ್ರಿ, ನಮ್ಮತ್ತಿ" ಎಂದೆ. ಆಕೆ ಕೊಪ್ಪಳ ಬರುವವರೆಗೂ ಮತ್ತೆ ತಿರುಗಿ ನೋಡಲಿಲ್ಲ.

ಪುಣ್ಯಸ್ಮರಣೆಯ ದಿನ ಗೋಡೆಯ ಮೇಲೆ ಅತ್ತೆ ನಗುತ್ತಿದ್ದರು. ಸ್ವಲ್ಪ ಮಸುಕು, ಸ್ವಲ್ಪ ಸೊಟ್ಟ. ಬಂದವರೆಲ್ಲ ಅದರ ಮುಂದೆ ನಿಂತರು, ಕೆಲವರು ಕಣ್ಣೊರೆಸಿಕೊಂಡರು, ಆಮೇಲೆ ತಾವೂ ನಕ್ಕರು. ಮನೆಯವರು ಅದಕ್ಕೆ ಮೂರು ಸಲ ಮಾಲೆ ಸರಿಮಾಡಿದರು. ನಾನು ಊಟಕ್ಕೆ ಬಡಿಸುತ್ತ, ಕೇಳಿದವರಿಗೂ ಕೇಳದವರಿಗೂ ಆ ಡ್ಯಾಮಿನ ಗೇಟಿನ ಮಾತು ಹೇಳಿ ಅತ್ತೆಯನ್ನು ಹೇಗೆ ನಗಿಸಿದೆ ಎಂದು ವಿವರಿಸುತ್ತಿದ್ದೆ. ಆಗ ಮುನಿರಾಬಾದಿನಿಂದ ಬಂದಿದ್ದ ನಾದಿನಿ ಗಿರಿಜಾ ಹೋಳಿಗೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ವೈನಿ, ಯಾವ ಗೇಟಿನ ಮಾತು? ಅವತ್ತ ನೀರಿನ ಸಪ್ಪಳಕ್ಕ ನೀವು ಅಂದದ್ದು ಯಾರಿಗೂ ಕೇಳಸಲೇ ಇಲ್ಲ. ನೀವು ಕ್ಯಾಮೆರಾ ಹಿಂದ ಮುಂದ ಮಾಡಿ ಹಿಡಿದಿದ್ರಿ. ಎರಡು ಸಲ ನಿಮ್ಮ ಮಾರೀಗೇ ಲೈಟ್ ಬಿತ್ತು, ಆಮ್ಯಾಲೆ ತಿರುಗಿಸಿ ಹಿಡಿದ್ರಿ. ಅವ್ವ ನನ್ನ ಕೈ ಚಿವುಟಿ, 'ನೋಡ ಗಿರಿಜಾ, ಇಷ್ಟು ಕಲಿತ ಸೊಸಿ ತನ್ನ ಮೂಗು ತಾನ ತೆಗೀಲಿಕ್ಕೆ ಹತ್ಯಾಳ' ಅಂದ್ಲು. ಅದಕ್ಕ ನಕ್ಕದ್ದು!"

ಪಂಕ್ತಿಯಲ್ಲಿ ಕೂತ ನಲವತ್ತು ಮಂದಿ ಒಮ್ಮೆಲೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಾರೆಂದು ನಾನು ಹೇಳುವುದಿಲ್ಲ. ಅವರಿಗೆ ಎರಡನೆಯ ಹೋಳಿಗೆ ಬಡಿಸಲಿಲ್ಲ ಎಂದಷ್ಟೇ ಹೇಳುತ್ತೇನೆ.

ಎಲ್ಲರೂ ಹೋದ ಮೇಲೆ ಹಳೆಯ ಕಂಪ್ಯೂಟರ್ ಹಚ್ಚಿ ಹುಡುಕಿದೆ. ಹೆಸರೇ ಇಡದ ಒಂದು ಫೋಲ್ಡರಿನಲ್ಲಿ ಸಿಕ್ಕವು: ಪರದೆಯ ತುಂಬ ಒಂದು ಮೂಗು, ಮೂಗುತಿಯ ಸಮೇತ, ಎರಡು ಸಲ. ಅತ್ತೆಯ ಫೋಲ್ಡರಿನ ಹೆಸರನ್ನು "ವೈನಿ ಮೂಗು" ಎಂದು ಬದಲಾಯಿಸಿ ಎಂದು ಗಿರಿಜಾ ಹೋಗುವಾಗಲೂ ಹೇಳಿಹೋಗಿದ್ದಳು. ನಾನು ಒಂದಕ್ಷರ ಬದಲಾಯಿಸಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಹೊಸ ಫೋಲ್ಡರ್ ಮಾಡಿ, ಆ ಎರಡು ಮೂಗುಗಳನ್ನು ಅದರೊಳಗೆ ಇಟ್ಟು, "ನಾನು ನಗಿಸಿದ್ದು" ಎಂದು ಹೆಸರು ಬರೆದೆ.