ಗೋಧಿ ಬರೆದುಕೊಟ್ಟ ಡಾಕ್ಟರು

ಹೊಟ್ಟೆನೋವು ಅಂತ ಒಮ್ಮೆ ಬಾಯಿಬಿಟ್ಟರೆ ಸಾಕು, ಆಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಹೀಗೆ ಎರಡು ವರ್ಷ ನಡೆಯಿತು.

ದುಬೈಯಲ್ಲಿ ಗ್ರೀನ್ ಲೈನ್ ಮೆಟ್ರೋ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ಅಲ್ ಕುಸೈಸ್‌ನ ಒಂದು ಭಾರತೀಯ ಶಾಲೆಯ ಆಫೀಸಿನಲ್ಲಿ ನನಗೆ ಕೆಲಸ. ನಮ್ಮವರು ಅಬುಧಾಬಿಯಿಂದಲೂ ಆಚೆ, ಮದೀನತ್ ಜಾಯೆದ್ ಕಡೆ ತೈಲ ಕಂಪನಿಯಲ್ಲಿ; ಗುರುವಾರ ಸಂಜೆ ಬಂದರೆ ಶನಿವಾರ ವಾಪಸ್. ಮನೆಯಲ್ಲಿ ನಾನು ಮತ್ತು ಎಂಟು ವರ್ಷದ ಮಗಳು. ನನ್ನ ಹೊಟ್ಟೆ ಏನು ತಿಂದರೂ ಉಬ್ಬುತ್ತಿತ್ತು, ದಿನಕ್ಕೆ ಐದಾರು ಸಲ ಓಡಿಸುತ್ತಿತ್ತು. ಕೂದಲು ಉದುರಿ ಜಡೆ ಕಿರುಬೆರಳಿನಷ್ಟಾಗಿತ್ತು.

೧. ಮೆಟ್ರೋದಲ್ಲಿ

ಒಂದು ಸೋಮವಾರ ಆಸ್ಪತ್ರೆಗೆ ಹೊರಟಿದ್ದೆ. ಹೆಂಗಸರ ಡಬ್ಬಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಾಗ ಒಬ್ಬಳು ಫಿಲಿಪಿನೋ ಹೆಂಗಸು ಎದ್ದು ಸೀಟು ಕೊಟ್ಟಳು.

"ಎಷ್ಟು ತಿಂಗಳಾಯಿತು?" ಅಂದಳು.

"ಒಂಬತ್ತು." ನೋವು ಶುರುವಾಗಿ ಸರಿಯಾಗಿ ಅಷ್ಟೇ ಆಗಿತ್ತು.

"ಅಯ್ಯೋ, ಗಂಡ ಎಲ್ಲಿ?"

"ದೂರ ಇದ್ದಾರೆ. ಗುರುವಾರ ಬರ್ತಾರೆ."

"ಅಲ್ಲಿವರೆಗೆ ತಡೆಯುತ್ತದಾ?"

"ಒಂಬತ್ತು ತಿಂಗಳು ತಡೆದಿದ್ದೇನೆ, ಇನ್ನು ಮೂರು ದಿನ ತಡೆಯುವುದಿಲ್ಲವಾ?"

ಡಬ್ಬಿಯಲ್ಲಿದ್ದವರೆಲ್ಲ ನನ್ನನ್ನೇ ನೋಡತೊಡಗಿದರು. ಎಂಥಾ ಒಳ್ಳೆಯ ಜನ ಅಂದುಕೊಂಡೆ. ಆಕೆ ತನ್ನ ಕೆಲಸ ಬಿಟ್ಟು ನನ್ನ ಜೊತೆಗೇ ಇಳಿದಳು, ತೋಳು ಹಿಡಿದು ಆಸ್ಪತ್ರೆ ತನಕ ಬಂದಳು. ನಾನು ಕೌಂಟರಿನಲ್ಲಿ ಬಾಯಿ ತೆರೆಯುವ ಮೊದಲೇ ಆಸ್ಪತ್ರೆಯವರು ನನ್ನನ್ನು ವ್ಹೀಲ್‌ಚೇರಿನಲ್ಲಿ ಕೂರಿಸಿ ಹೆರಿಗೆ ವಾರ್ಡಿಗೆ ತಳ್ಳಿಕೊಂಡು ಹೋಗಿ ಆಗಿತ್ತು.

೨. ಪಥ್ಯ

ಆ ದಿನ ಸಿಕ್ಕಿದ ಡಾಕ್ಟರು, "ಗ್ಯಾಸ್ಟ್ರಿಕ್, ಬೇರೇನಿಲ್ಲ," ಅಂದರು. "ಅನ್ನ, ಮೀನು ಸಾರು, ಖಾರ ಎಲ್ಲ ನಿಲ್ಲಿಸಿ. ಬ್ರೆಡ್, ರಸ್ಕ್, ಗೋಧಿ ಗಂಜಿ ತಿನ್ನಿ."

ನಾನು ಚಿಕ್ಕಂದಿನಿಂದ ಹೇಳಿದ್ದು ಕೇಳುವವಳು. ಮೂರು ತಿಂಗಳು ಚಾಚೂ ತಪ್ಪದೆ ತಿಂದೆ. ಏಳು ಕಿಲೋ ಇಳಿದೆ. ಡಾಕ್ಟರು ತೂಕ ನೋಡಿ ಖುಷಿಯಾದರು. "ಪಥ್ಯ ಅಂದರೆ ಹೀಗಿರಬೇಕು!"

"ಆದರೆ ನೋವು ಜಾಸ್ತಿಯಾಗಿದೆ ಡಾಕ್ಟ್ರೇ."

"ಹೌದಾ? ಹಾಗಾದರೆ ರಸ್ಕ್ ಇನ್ನೆರಡು ಜಾಸ್ತಿ ಮಾಡಿ."

ನಾನು ತೆಳ್ಳಗಾದದ್ದು ನೋಡಿ ಶಾಲೆಯ ಗಣಿತದ ಟೀಚರು ಹಟ ಹಿಡಿದು ಆ ಪಥ್ಯದ ಪಟ್ಟಿ ಬರೆಸಿಕೊಂಡರು. ಒಂದು ತಿಂಗಳಲ್ಲಿ ಅವರು ಮೂರು ಕಿಲೋ ಏರಿದರು. ಇವಳು ಬೇಕೆಂದೇ ತಪ್ಪು ಪಟ್ಟಿ ಕೊಟ್ಟಿದ್ದಾಳೆ ಅಂತ ನನ್ನ ಹತ್ತಿರ ಮಾತೇ ಬಿಟ್ಟರು.

೩. ಎರಡು ತುಂಡು ಬ್ರೆಡ್

ಒಂದು ದಿನ ಶಾಲೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತೆ. ಎಬ್ಬಿಸಿದವರು ಶಾಲೆಯ ನರ್ಸಮ್ಮ, ಕೇರಳದವರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು. ಇದು ಗ್ಯಾಸ್ಟ್ರಿಕ್ ಅಲ್ಲ, ಏನೋ ದೊಡ್ಡದೇ ಇರಬೇಕು ಅಂತ ನನಗೆ ಭಯವಾಯಿತು. ಮಗಳ ಮುಖ ನೋಡಿದರೆ ಅಳು ಬರುತ್ತಿತ್ತು. ನರ್ಸಮ್ಮ ಮಾತ್ರ, "ಗೋಧಿ ಸ್ವಲ್ಪ ದಿನ ಬಿಟ್ಟು ನೋಡಿ," ಅಂದರು.

ಬಿಟ್ಟೆ. ಮೂರನೇ ವಾರದಲ್ಲಿ ನಡುವೆ ಒಮ್ಮೆಯೂ ಏಳದೆ ಒಂದು ಇಡೀ ಸಿನಿಮಾ ನೋಡಿದೆ. ನಮ್ಮವರಿಗೆ ಎಷ್ಟು ಸಂತೋಷವೆಂದರೆ, ಆ ವಾರವೇ ಅಬುಧಾಬಿಯಲ್ಲಿ ಹೊಟ್ಟೆಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಎಲ್ಲ ಕೇಳಿ ತಲೆಯಾಡಿಸಿದರು.

"ಸೀಲಿಯಾಕ್ ಇರಬಹುದು. ಗೋಧಿ ಕರುಳಿಗೆ ಆಗದ ಕಾಯಿಲೆ. ಆದರೆ ನೀವು ಗೋಧಿ ಬಿಟ್ಟಿದ್ದೀರಿ, ಹಾಗಾಗಿ ಈಗ ಟೆಸ್ಟ್ ಮಾಡಿದರೆ ಕಾಣಿಸದೆಯೂ ಹೋಗಬಹುದು. ಆರು ವಾರ ದಿನಾ ಎರಡು ತುಂಡು ಬ್ರೆಡ್ ತಿಂದು ಬನ್ನಿ."

"ತಿಂದರೆ ಹೊಟ್ಟೆ ಕೆಡ್ತದೆ ಡಾಕ್ಟ್ರೇ."

"ಕೆಡಬೇಕು. ಕೆಟ್ಟರೇ ನನಗೆ ಗೊತ್ತಾಗುವುದು."

ಚೀಟಿಯಲ್ಲಿ ಬರೆದೇ ಕೊಟ್ಟರು. ಔಷಧಿಯ ಜಾಗದಲ್ಲಿ ಬ್ರೆಡ್, ದಿನಕ್ಕೆ ಎರಡು, ಆರು ವಾರ. ಮತ್ತೆ ಶುರುವಾಯಿತು ಓಟ. ನಾನು ಕಳ್ಳಾಟ ಮಾಡಬಹುದೆಂದು ನಮ್ಮವರು ಮಗಳನ್ನು ಕಾವಲಿಗಿಟ್ಟರು. ದಿನಾ ಸಂಜೆ ಫೋನು: "ಮಮ್ಮಿ ತಿಂದಳಾ?" ಮಗಳು ನನ್ನ ಎದುರು ಕೂತು ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದಳು: "ಡ್ಯಾಡಿ, ಶಿ ಈಸ್ ಕ್ರೈಯಿಂಗ್. ಬಟ್ ಶಿ ಫಿನಿಶ್ಡ್ ದ ಸೆಕೆಂಡ್ ಒನ್."

೪. ಸಿಕ್ಕಿತು

ರಕ್ತದಲ್ಲಿ ಸುಳಿವು ಸಿಕ್ಕಿತು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಡಾಕ್ಟರು, "ಸೀಲಿಯಾಕೇ. ಇನ್ನು ಜೀವಮಾನವಿಡೀ ಗೋಧಿ, ಮೈದಾ, ಬಾರ್ಲಿ ಮುಟ್ಟುವಂತಿಲ್ಲ. ಇದಕ್ಕೆ ಮದ್ದು ಅಷ್ಟೇ," ಅಂದರು. ನಾನು ಸಂತೋಷದಲ್ಲಿ ಅತ್ತುಬಿಟ್ಟೆ. ನಮ್ಮವರು ಡಾಕ್ಟರ ಕೈ ಕುಲುಕಿ, ಅಲ್ಲಿಂದಲೇ ಊರಿಗೆ ತಾಯಿಗೆ ಫೋನು ಮಾಡಿದರು.

"ಅಮ್ಮಾ, ಇವಳ ಕಾಯಿಲೆ ಸಿಕ್ಕಿತು!"

ಅತ್ತೆಗೆ ಕಿವಿ ಸ್ವಲ್ಪ ಮಂದ, ಮಾತು ಬಹಳ ಜೋರು. 'ಸಿಕ್ಕಿತು' ಅನ್ನುವುದೊಂದೇ ಕಿವಿಗೆ ಬಿದ್ದಿರಬೇಕು; ಅವರ ಪ್ರಶ್ನೆ ಡಾಕ್ಟರಿಗೂ ಕೇಳಿಸಿತು: "ದೇವರು ದೊಡ್ಡವನು! ಎಲ್ಲಿ ಬಿದ್ದಿತ್ತಂತೆ?"

೫. ಶುಕ್ರವಾರದ ಅತಿಥಿಗಳು

ಆರಾಮಾದ ಮೇಲೆ ಒಂದು ತೊಡಕು ಉಳಿಯಿತು. ನಾವು ಕೊಂಕಣಿ ಕ್ರೈಸ್ತರು. ಅಲ್ಲಿ ವಾರದ ರಜೆ ಶುಕ್ರವಾರ; ಆ ದಿನ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಗೋಧಿಯದ್ದೇ. ಫಾದರ್ ಹತ್ತಿರ ಕಷ್ಟ ಹೇಳಿಕೊಂಡೆ. "ಚಿಂತೆ ಬೇಡಮ್ಮಾ, ದ್ರಾಕ್ಷಾರಸ ಮಾತ್ರ ತಗೊಂಡರೂ ಪೂರ್ತಿ ಪ್ರಸಾದವೇ," ಅಂದು ನನಗಾಗಿ ಒಂದು ಚಿಕ್ಕ ಬಟ್ಟಲು ಬೇರೆಯೇ ಇಟ್ಟರು.

ಅಂದಿನಿಂದ ಎಲ್ಲರೂ ರೊಟ್ಟಿ ತೆಗೆದುಕೊಂಡು ಹೋದ ಮೇಲೆ ನಾನೊಬ್ಬಳೇ ಮುಂದೆ ಹೋಗಿ ದ್ರಾಕ್ಷಾರಸ ಕುಡಿದು ಬರುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಪ್ರಾರ್ಥನಾ ಕೂಟದ ಮೂವರು ಬಾಯಿಯವರು (ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ), ಕೈಯಲ್ಲಿ ಜಪಮಾಲೆ, ಒಂದು ದೊಡ್ಡ ಡಬ್ಬಿ. ಕೂತವರು ನಮ್ಮವರ ಕಡೆ ಕನಿಕರದಿಂದ ನೋಡಿದರು. ಹಿರಿಯ ಬಾಯಿ ನನ್ನ ಕೈ ಹಿಡಿದುಕೊಂಡರು.

"ಗಂಡ ದೂರ ಇದ್ದರೆ ಬೇಜಾರು ಆಗ್ತದೆ ಮಗಾ, ನಮಗೂ ಗೊತ್ತುಂಟು. ಆದರೆ ದೇವರ ಮನೆಯಲ್ಲೂ ತಡೆಯಲಿಕ್ಕೆ ಆಗುವುದಿಲ್ಲ ಅಂದರೆ ಹೇಗೆ? ನಿನ್ನ ಕುಡಿತ ಬಿಡಿಸಲಿಕ್ಕೆ ಒಂಬತ್ತು ದಿನ ಪ್ರಾರ್ಥನೆ ಇಟ್ಟಿದ್ದೇವೆ."

ನಮ್ಮವರು ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು. ಅಳುತ್ತಿದ್ದಾರೆಂದು ತಿಳಿದು ಇನ್ನೊಬ್ಬ ಬಾಯಿ ಅವರಿಗೆ ಸಮಾಧಾನ ಹೇಳಲು ಹಿಂದೆಯೇ ಹೋದರು. ನಾನು ರಿಪೋರ್ಟು ತಂದು ತೋರಿಸಿ, ಗೋಧಿ, ಕರುಳು, ರೊಟ್ಟಿ ಎಲ್ಲ ಬಿಡಿಸಿ ಹೇಳಿದೆ. ಬಾಯಿಯವರ ಮುಖ ಕೆಂಪಾಯಿತು.

"ತಪ್ಪಾಯಿತು ಮಾರಾಯ್ತಿ," ಎನ್ನುತ್ತ ಹಿರಿಯ ಬಾಯಿ ಅವಸರದಲ್ಲಿ ಡಬ್ಬಿ ನನ್ನ ಮಡಿಲಿಗಿಟ್ಟರು. "ಇದನ್ನಾದರೂ ತಿನ್ನು. ಪ್ಲಮ್ ಕೇಕು. ನಿನಗೆ ಆಸೆ ಆಗಬಾರದು ಅಂತ ಒಂದು ತೊಟ್ಟೂ ರಮ್ ಹಾಕಲಿಲ್ಲ, ಬರೀ ಮೈದಾದಲ್ಲೇ ಮಾಡಿದ್ದೇನೆ!"