ಟಿವಿಯೊಳಗಿನ ಗೋಡೆಗೆ ನೀರುಣಿಸಿದ ಮಾವ

ನಮ್ಮ ಸೋದರಮಾವ ಕಟ್ಟಿದ ಮನೆಗಳಲ್ಲೆಲ್ಲ ಗಟ್ಟಿಯಾದದ್ದು ಯಾವ ಊರಿನಲ್ಲೂ ಇಲ್ಲ. ಅದು ನಮ್ಮ ಟಿವಿಯೊಳಗಿದೆ!

ಮಾವ ಹಾಸನದ ಪಕ್ಕದ ದುದ್ದದವರು. ಮೂವತ್ತು ವರ್ಷದ ಗಾರೆ ಮೇಸ್ತ್ರಿ. (ಮೂವತ್ತು ಅವರ ಲೆಕ್ಕ. ಅತ್ತೆ ಇಪ್ಪತ್ತೆರಡು ಅನ್ನುತ್ತಾರೆ. ನನ್ನ ನೆನಪನ್ನೇ ನಂಬದ ನಾನು ಇವರಿಬ್ಬರನ್ನು ನಂಬಲೆ?) ಹೋದ ವರ್ಷ ಅರಕಲಗೂಡಿನಲ್ಲಿ ಕಟ್ಟಡಕ್ಕೆ ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದು ಕೈ ಮುರಿದುಕೊಂಡರು. ಕೈಯೇನೋ ಕೂಡಿತು, ಡಾಕ್ಟರೂ ಕೆಲಸ ಮಾಡಬಹುದು ಅಂದರು. ಮಾವ ಮಾತ್ರ ಕೆಲಸದ ಕಡೆ ತಲೆ ಹಾಕಲಿಲ್ಲ. ಯಾರು ಫೋನ್ ಮಾಡಿದರೂ "ನಾಳೆ ಬತ್ತೀನಿ ಸಾ." ಆ ನಾಳೆಗೆ ವರ್ಷ ತುಂಬಿತು. ಮಂಕಾಗಿ ಕೂತಿದ್ದವರನ್ನು ನಾನೇ ಹಾಸನಕ್ಕೆ ಕರೆತಂದೆ.

ಇಲ್ಲಿ ನನ್ನ ಮಗಳಿಗೆ ರಜೆಯ ಹೋಮ್‌ವರ್ಕು: ಇಟ್ಟಿಗೆ ಜೋಡಿಸುವ ವಿಡಿಯೋ ಗೇಮಿನಲ್ಲಿ, ಕೊಟ್ಟಷ್ಟೇ ಸಾಮಾನಿನಲ್ಲಿ ಮನೆ ಕಟ್ಟಬೇಕು. ಕಲ್ಪನೆ ಬೆಳೆಯುತ್ತದಂತೆ, ಮಿತವ್ಯಯ ಬರುತ್ತದಂತೆ. ಅವಳು ಮೊದಲು ಈಜುಕೊಳ ಮಾಡಿದಳು.

"ಬಚ್ಲು ಎಲ್ಲಮ್ಮೀ?" ಎಂದರು, ಹಿಂದೆ ಕೂತಿದ್ದ ಮಾವ.

ಮುಗಿಯಿತು! ಅವತ್ತಿನಿಂದ ಟಿವಿ ಮಾವನದು.

ಇಟ್ಟಿಗೆಗಳು ಒಂದರ ನೆತ್ತಿಗೆ ಸರಿಯಾಗಿ ಒಂದು ಕೂರುವುದು ಕಂಡು ಅವರಿಗೆ ಸಿಟ್ಟು. "ಸಂದಿ ಮ್ಯಾಲೆ ಸಂದಿ ಬಂದ್ರೆ ಗ್ವಾಡೆ ಸೀಳ್ತದೆ ಕಣ್ಲಾ! ಅರ್ಧ ಇಟ್ಟಿಗೆ ಕೊಡದ ಇವನ್ಯಾವ ಓನರು?" ದಾರಕ್ಕೆ ಬೀಗ ಕಟ್ಟಿ, ಟಿವಿಗೆ ಹಿಡಿದು, ಗೋಡೆಯ ನೇರ ನೋಡಿದರು. ಗೋಡೆ ವಾಲಿದಂತೆ ಕಂಡಿತು. ನಮ್ಮ ಟಿವಿಯೇ ಸೊಟ್ಟಗಿತ್ತು!

ಕಿಟಕಿಗೆಂದು ಮಗಳು ಕೆಳಗಿನ ಇಟ್ಟಿಗೆ ಕಿತ್ತಳು. ಮೇಲಿನವು ಗಾಳಿಯಲ್ಲೇ ನಿಂತವು. ಮಾವ ಅವಳ ಲಂಗ ಹಿಡಿದೆಳೆದರು: "ಬೀಳ್ತದೆ, ಈಚೆ ಬಾ!" ಅರ್ಧ ಗಂಟೆ ಬಾಗಿಲಲ್ಲೇ ನಿಂತು ಕಾದರು. ಬೀಳಲಿಲ್ಲ. "ಒಳ್ಳೆ ಸಿಮೆಂಟು," ಅಂದರು.

ತಾರಸಿ ಹಾಕಲು ಮಾವನ ಒಪ್ಪಿಗೆಯೇ ಇಲ್ಲ. ಸಿಮೆಂಟು ಗಟ್ಟಿಯಾಗಲು ಮೊದಲು ಏಳು ದಿನ ಗೋಡೆಗೆ ನೀರುಣಿಸಬೇಕು! ಮಗಳು ಗೋಡೆಯ ತಲೆಗೆ ಬಕೆಟ್ ಸುರಿದಳು. ಗೇಮಿನ ನೀರು ಇಂಗುತ್ತದೆಯೆ? ಹರಿಯಿತು, ಗೇಮಿನ ಕುರಿ ಮೇಯುತ್ತಿದ್ದ ಅಂಗಳ ತುಂಬಿತು.

"ತಾತಾ, ಕುರಿ ತೇಲ್ಕೊಂಡು ಹೋಯ್ತು!"

"ಓಗ್ಲಿ ಬುಡಮ್ಮಿ. ಗ್ವಾಡೆ ತಣ್ಣಗಾಯ್ತಲ್ಲ."

ಎಂಟನೆಯ ದಿನ (ಹತ್ತನೆಯದೋ ಏನೋ, ಹೆಂಡತಿಯ ಪ್ರಕಾರ ಭಾನುವಾರ) ತಾರಸಿ ಹಾಕಲು ಹತ್ತಿದ, ಗೇಮಿನೊಳಗಿನ ಮಗಳ ಗೊಂಬೆ ಕಾಲು ಜಾರಿ ಬಿತ್ತು. ಸತ್ತೇ ಹೋಯಿತು. ಮಾವನ ಎಡಗೈ ತಾನಾಗಿ ಹೋಗಿ, ಮುರಿದು ಕೂಡಿದ್ದ ಬಲಗೈ ಹಿಡಿದುಕೊಂಡಿತು. ನಾನು ಟಿವಿ ಆರಿಸಲು ಎದ್ದೆ.

ಅಷ್ಟರಲ್ಲಿ ಗೊಂಬೆ ಗೇಮಿನೊಳಗಿನ ತನ್ನ ಹಾಸಿಗೆಯ ಪಕ್ಕ ಎದ್ದು ನಿಂತಿತ್ತು. "ಬಿದ್ರೆ ಹಿಂಗೇ ತಾತ, ಮತ್ತೆ ಎದ್ದೇಳ್ತೀವಿ. ಆದ್ರೆ ಸಾಮಾನೆಲ್ಲ ಬಿದ್ದ ಜಾಗದಲ್ಲೇ ಇರುತ್ತೆ. ನಾವೇ ಹೋಗಿ ತಗೋಬೇಕು."

ಮಾವ ಬಲಗೈ ಬಿಚ್ಚಿ ನೋಡಿಕೊಂಡರು.

"ನನ್ ಗಾರೆ ಕರಣೇನೂ ನಾ ಬಿದ್ದ ತಾವೇ ಅದೆ ಕಣಮ್ಮಿ," ಅಂದರು.

"ಅಯ್ಯೋ, ಬೇಗ ಹೋಗಿ ತಗೊಂಬಾ ತಾತ! ಲೇಟಾದ್ರೆ ಮಾಯ ಆಗೋಗುತ್ತೆ!"

ಮಾವ ನನ್ನ ಕಡೆ ತಿರುಗಿದರು. "ಲೇ, ಅರಕಲಗೂಡಿಗೆ ಬಸ್ಸು ಎಷ್ಟೊತ್ತಿಗ್ಲಾ?"

ಗಂಟೆಗಂಟೆಗೂ ಇದೆ, ಅಂದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.